ಮ್ಯಾನುಯಲ್ ಫ್ಲ್ಯಾಶ್: ಲೆಕ್ಕ ಹಾಕಿದರೂ ಮುಖ ಕಪ್ಪು ಬರುತ್ತಿದೆ, ಯಾಕೆ?

ಗದಗದ ಹುಡುಗ:
ಹೋದ ವಾರ ಅಕ್ಕನ ಮದುವೆ ಇತ್ತು. ಅಕ್ಕಿಕಾಳು ಬೀಳುವಾಗ ತೆಗೆದ ಫೋಟೋ ಎಲ್ಲ ಕಪ್ಪು ಬಂದಿವೆ. ನನ್ನ ಫ್ಲ್ಯಾಶಿಗೆ ಟಿಟಿಎಲ್ (ಕ್ಯಾಮೆರಾ ತಾನೇ ಬೆಳಕು ಅಳೆದು ಫ್ಲ್ಯಾಶ್ ಹೊಂದಿಸುವುದು) ಇಲ್ಲ. ಡಬ್ಬದ ಮೇಲೆ ಗೈಡ್ ನಂಬರ್ 60 ಅಂತ ಇದೆ. ಅದು ಫ್ಲ್ಯಾಶಿನ ಬಲ, ದೂರದಿಂದ ಭಾಗಿಸಿದರೆ ಇಡಬೇಕಾದ ಅಪರ್ಚರ್ (ಲೆನ್ಸಿನ ತೂತಿನ ಎಫ್ ನಂಬರ್) ಸಿಗುತ್ತದೆ. 5 ಮೀಟರ್ ದೂರ ನಿಂತಿದ್ದೆ, 60ನ್ನು 5ರಿಂದ ಭಾಗಿಸಿದರೆ ಎಫ್ 12, ಅದಕ್ಕೆ ಎಫ್ 11 ಇಟ್ಟೆ. ಐಎಸ್ಒ (ಸೆನ್ಸರಿನ ಸೂಕ್ಷ್ಮತೆ) 100, ಫುಲ್ ಪವರ್, ಶಟರ್ 1/160 ಸೆಕೆಂಡ್. ಸೀರೆಯ ಜರಿ ಅಂಚು ಮಾತ್ರ ಮಿಂಚಿದೆ, ಮುಖ ಇಲ್ಲ. ಶಟರ್ 1/60ಕ್ಕೆ ಇಳಿಸಿದೆ. ಹಿಂದಿನ ಲೈಟಿನ ಸರ ಚೆನ್ನಾಗಿ ಬಂತು, ಮುಖ ಹಾಗೇ ಉಳಿಯಿತು. ಮುಂದಿನ ತಿಂಗಳು ಹಾವೇರಿಯಲ್ಲಿ ಇನ್ನೊಂದು ಮದುವೆ ಇದೆ, ಅಲ್ಲೂ ಹೀಗಾಗಬಾರದು.

ವಿದ್ಯಾನಗರ, ಹುಬ್ಬಳ್ಳಿ:
ನಿಮ್ಮ ಲೆಕ್ಕ ಸರಿ ಇದೆ, ಆ 60 ನಂಬಿದ್ದೇ ತಪ್ಪು. ಡಬ್ಬದ ಮೇಲೆ ಹಾಕುವ ನಂಬರ್ ಸಾಮಾನ್ಯವಾಗಿ ಫ್ಲ್ಯಾಶಿನ ತಲೆಯನ್ನು 105 ಅಥವಾ 200 ಎಂಎಂಗೆ ಜೂಮ್ ಮಾಡಿದಾಗಿನದು. 35ರಲ್ಲಿ ಬೆಳಕು ಅಗಲಕ್ಕೆ ಹರಡುತ್ತದೆ, ನಂಬರ್ ಬಹಳ ಇಳಿಯುತ್ತದೆ. ನೀವು 85ರ ಲೆನ್ಸ್ ಹಾಕಿ ತಲೆಯನ್ನು 35ರಲ್ಲೇ ಬಿಟ್ಟಿದ್ದರೆ ಅರ್ಧ ಬೆಳಕು ಅಕ್ಕಪಕ್ಕದ ಬೀಗರ ಮೇಲೆ ಸುಮ್ನೆ ಪೋಲಾಗಿರುತ್ತದೆ.
ನಿಮ್ಮ ಫ್ಲ್ಯಾಶಿನ ನಿಜವಾದ ನಂಬರ್ ನೀವೇ ಕಂಡುಹಿಡಿಯಿರಿ. ರಾತ್ರಿ ಪಡಸಾಲೆಯಲ್ಲಿ ಯಾರನ್ನಾದರೂ ಕೂರಿಸಿ. ಟೇಪು ಹಿಡಿದು ಫ್ಲ್ಯಾಶಿನಿಂದ ಸರಿಯಾಗಿ 3 ಮೀಟರ್ ಅಳೆಯಿರಿ. ಫುಲ್ ಪವರ್, ಐಎಸ್ಒ 100, ತಲೆ 35ರಲ್ಲಿ. ಎಫ್ 5.6, 8, 11, 16 ಹೀಗೆ ಒಂದೊಂದೇ ತೆಗೆಯುತ್ತಾ ಹೋಗಿ. ಯಾವುದರಲ್ಲಿ ಮುಖ ಸರಿ ಬರುತ್ತದೋ ಅದನ್ನು 3ರಿಂದ ಗುಣಿಸಿ, ಅದೇ ನಿಮ್ಮ ನಂಬರ್. ಐಎಸ್ಒ 400 ಮಾಡಿದರೆ ಅದು ಎರಡು ಪಟ್ಟು, ಪವರ್ 1/4 ಮಾಡಿದರೆ ಅರ್ಧ.

ಧಾರವಾಡದ ಮಳೆ:
ಶಟರ್ ಬಗ್ಗೆ ಒಂದು ಮಾತು. ಫ್ಲ್ಯಾಶ್ ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗುತ್ತದೆ, ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಅದಕ್ಕೆ ಜಾಸ್ತಿ ಬೆಳಕು ಸಿಗುವುದಿಲ್ಲ. ಹಿಂದಿನ ದೀಪಕ್ಕೆ ಶಟರ್, ಮುಖಕ್ಕೆ ಅಪರ್ಚರ್. ನೀವು ನೋಡಿದ್ದೂ ಅದೇ ಅಲ್ವಾ? ಸಿಂಕ್ ಸ್ಪೀಡ್ (ಫ್ಲ್ಯಾಶ್ ಜೊತೆ ಹೊಂದುವ ಅತಿ ವೇಗದ ಶಟರ್) ಮಾತ್ರ ದಾಟಬೇಡಿ, ಫೋಟೋದಲ್ಲಿ ಕಪ್ಪು ಪಟ್ಟಿ ಬೀಳುತ್ತದೆ.
ಬೌನ್ಸ್ ಮಾಡುವುದಾದರೆ, ಅಂದರೆ ಫ್ಲ್ಯಾಶನ್ನು ಸೂರಿಗೆ ತಿರುಗಿಸಿ ಹೊಡೆಯುವುದಾದರೆ, ಬೆಳಕು ಮೇಲೆ ಹೋಗಿ ಕೆಳಗೆ ಬರುವ ಪೂರ್ತಿ ದಾರಿ ಅಳೆಯಬೇಕು. ಬಿಳಿ ಸೂರು ಆದರೂ ಒಂದೆರಡು ಸ್ಟಾಪ್ ನುಂಗುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಏರಿದರೆ ಎರಡು ಪಟ್ಟು). ಜಂತಿ ಮನೆಯಲ್ಲಂತೂ ಬೌನ್ಸ್ ಬೇಡವೇ ಬೇಡ, ಕಟ್ಟಿಗೆ ಬೆಳಕನ್ನೆಲ್ಲ ಕುಡಿದುಬಿಡುತ್ತದೆ. ಬಣ್ಣದ ಶಾಮಿಯಾನ ಇದ್ದರೆ ಅದರ ಕೆಂಪು ಮದುಮಗಳ ಮುಖಕ್ಕೆ ಇಳಿಯುತ್ತದೆ.

ಗದಗದ ಹುಡುಗ:
ನಿನ್ನೆ ರಾತ್ರಿ ಅವ್ವನನ್ನು ಕೂರಿಸಿ ಟೇಪು ಹಿಡಿದೆ. 3 ಮೀಟರಿಗೆ ಎಫ್ 11 ಸರಿ ಬಂತು, ಅಂದರೆ 33. ತಲೆ 35ರಲ್ಲೇ ಇತ್ತು, ಮದುವೆಯ ದಿನವೂ ಹಾಗೇ ಬಿಟ್ಟಿದ್ದೆ. 33ನ್ನು 5ರಿಂದ ಭಾಗಿಸಿದರೆ 6.6, ಆ ದಿನ ಎಫ್ 6.3 ಇಡಬೇಕಿತ್ತು. ರಾ ಫೈಲ್ (ಕ್ಯಾಮೆರಾದ ಕಚ್ಚಾ ಫೈಲ್) ಇವೆ, ಒಂದೂವರೆ ಸ್ಟಾಪ್ ಎತ್ತಿ ನೋಡಿದೆ, ಮುಖ ಕಾಣುತ್ತಿದೆ. ಇವತ್ತು ಅಕ್ಕನಿಗೆ ಕಳಿಸುತ್ತೇನೆ.