ಮಗನ ಕಂಪ್ಯೂಟರನ್ನು ರೋಗ ಸಂಶೋಧನೆಗೆ ಓಡಿಸಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು: ಉಡುಪಿ ಬ್ರಹ್ಮಗಿರಿಯಿಂದ

ಮಗ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿ ಎರಡು ವರ್ಷ ಆಯಿತು. ಅವನ ಡೆಸ್ಕ್‌ಟಾಪ್ ಮೇಲಿನ ಕೋಣೆಯಲ್ಲಿ ಸುಮ್ನೆ ಕೂತಿದೆ. ಗೇಮ್ ಆಡಲೆಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಕೂಡ ಹಾಕಿಸಿದ್ದ. ಮನೆಯಲ್ಲಿ ಅತ್ತೆಗೆ ಪಾರ್ಕಿನ್ಸನ್. ಇಂಥ ರೋಗಗಳ ಸಂಶೋಧನೆಗೆ ನಮ್ಮ ಕಂಪ್ಯೂಟರ್ ಲೆಕ್ಕ ಹಾಕಿ ಕೊಡಬಹುದು, ಫೋಲ್ಡಿಂಗ್ ಅಟ್ ಹೋಮ್ ಅಂತ ಒಂದು ಯೋಜನೆ ಉಂಟು ಎಂದು ಮಗ ಫೋನಲ್ಲಿ ಹೇಳಿದ. ನನಗೆ ಆಸೆ. ಯಜಮಾನರದ್ದು ಒಂದೇ ಮಾತು, "ಕರೆಂಟ್ ಬಿಲ್ ಯಾರು ಕಟ್ಟುವುದು?"

ನಿಜವಾಗಿ ಓಡಿಸಿ ನೋಡಿದವರು ಹೇಳಿ. ಬಿಲ್ ಎಷ್ಟು ಏರುತ್ತದೆ? ನಮ್ಮ ಊರಿನ ಮಳೆ, ಸೆಕೆಗೆ ಕಂಪ್ಯೂಟರ್ ಹಾಳಾಗುತ್ತದಾ? ಇದರಿಂದ ಯಾರಿಗಾದರೂ ಉಪಯೋಗ ಆಗಿದೆಯಾ?

ಮಂಗಳೂರು ಕದ್ರಿಯಿಂದ

ಅಕ್ಕ, ನಿಮ್ಮ ಯಜಮಾನರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ನಾನು ಅದನ್ನು ಕೇಳಿಕೊಳ್ಳದೆ ಶುರು ಮಾಡಿ ಪೆಟ್ಟು ತಿಂದವನು.

ನಾನು ಸೇರಿದ್ದು 2020ರ ಲಾಕ್‌ಡೌನ್ ಹೊತ್ತಿಗೆ. ಆಗ ಕೊರೋನಾ ಲೆಕ್ಕಕ್ಕೆಂದು ಪ್ರಪಂಚದ ಎಲ್ಲ ಕಡೆಯಿಂದ ಜನ ಮುಗಿಬಿದ್ದಿದ್ದರು. ಏಪ್ರಿಲ್‌ನಲ್ಲಿ ಎಲ್ಲರ ಕಂಪ್ಯೂಟರ್ ಸೇರಿ 2.4 ಎಕ್ಸಾಫ್ಲಾಪ್ ವೇಗ, ಅಂದರೆ ಸೆಕೆಂಡಿಗೆ 24 ಸಾವಿರ ಕೋಟಿ ಕೋಟಿ ಲೆಕ್ಕ. ಆಗಿನ ಯಾವ ಸೂಪರ್ ಕಂಪ್ಯೂಟರಿಗೂ ಅಷ್ಟು ಇರಲಿಲ್ಲ. ಕಂಪ್ಯೂಟರುಗಳೇ ಜಾಸ್ತಿಯಾಗಿ, ಕೊಡಲು ಕೆಲಸವೇ ಸಾಲದೆ ಹೋಯಿತು. ನಮ್ಮದೂ ಅರ್ಧ ದಿನ ಖಾಲಿ ಕೂತಿರುತ್ತಿತ್ತು. ಆದರೂ ಒಂದು ನಶೆ ಹಿಡಿಯಿತು. ಕೆಲವು ತಿಂಗಳು ಹಗಲು ರಾತ್ರಿ ಓಡಿಸಿದೆ, ಆಮೇಲೆ ನಿಲ್ಲಿಸಿದ್ದೆ.

2023ರಲ್ಲಿ ಗೃಹಜ್ಯೋತಿ ಬಂತು. ಅದು ಬಂದ ಮೇಲೆ ನಾನು ಮತ್ತೆ ಹಗಲು ರಾತ್ರಿ ಓಡಿಸಲು ಶುರು ಮಾಡಿದೆ. ಎಂತ ಆಯಿತು ಅಂದರೆ, ನಮ್ಮ ಮನೆಯ ಹಳೇ ಸರಾಸರಿ 140 ಯೂನಿಟ್. ಅದಕ್ಕೆ ಶೇಕಡಾ 10 ಸೇರಿಸಿ 154ರವರೆಗೆ ಪುಕ್ಕಟೆ. ಅದರ ಮೇಲೆ 200ರವರೆಗೆ ಹೋದರೆ ಹೆಚ್ಚಾದದ್ದಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಪ್ರೊಸೆಸರ್ ಮಾತ್ರ ದುಡಿಯುವಾಗ ನನ್ನ ಕಂಪ್ಯೂಟರ್ 100 ವ್ಯಾಟ್ ಎಳೆಯುತ್ತದೆ. 24 ಗಂಟೆಗೆ 2.4 ಯೂನಿಟ್, ತಿಂಗಳಿಗೆ 72. ಮನೆ ಖರ್ಚು 150 ಇದ್ದದ್ದು 222 ಆಯಿತು. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 1300ರ ಮೇಲೆ, ಫಿಕ್ಸೆಡ್ ಚಾರ್ಜ್ ಬೇರೆ. ಸೊನ್ನೆ ಬರುತ್ತದೆ ಎಂದು ಕಾದವನಿಗೆ ಆ ಚೀಟಿ! ಅಮ್ಮ ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಅದಕ್ಕೆ, ಮೊದಲು ಅಳೆಯಿರಿ. ವ್ಯಾಟ್ ಮೀಟರ್ ಇಲ್ಲದಿದ್ದರೂ ಚಿಂತೆ ಇಲ್ಲ. ಮನೆಯ ಮೀಟರಿನಲ್ಲಿ ಕೆಂಪು ದೀಪ ಮಿನುಗುತ್ತದಲ್ಲ, ಅದು ಎಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಎಂದು ಮೀಟರ್ ಮೇಲೆಯೇ ಬರೆದಿರುತ್ತದೆ. ನಮ್ಮದು 3200. ಫ್ರಿಜ್, ಫ್ಯಾನ್, ಪಂಪ್ ಎಲ್ಲ ಬಂದ್ ಮಾಡಿ ಕಂಪ್ಯೂಟರ್ ಮಾತ್ರ ಇಟ್ಟು 6 ನಿಮಿಷ ಎಣಿಸಿ. 32 ಸಲ ಮಿನುಗಿದರೆ 100 ವ್ಯಾಟ್. ನಿಮ್ಮ ಗ್ರಾಫಿಕ್ಸ್ ಕಾರ್ಡ್ ದುಡಿಯಲು ಶುರು ಮಾಡಿದರೆ 250ಕ್ಕೆ ಸುಲಭವಾಗಿ ಹೋಗುತ್ತದೆ. ಅಂದರೆ ದಿನಕ್ಕೆ 4 ಗಂಟೆಗೆ 1 ಯೂನಿಟ್, ತಿಂಗಳಿಗೆ 30. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಯಜಮಾನರ ಮುಂದೆ ಇಡಿ. ಅವರು ಒಪ್ಪಿದಷ್ಟೇ ಗಂಟೆ ಓಡಿಸಿ. ನಾನೀಗ ಬೆಳಿಗ್ಗೆ 4 ಗಂಟೆ ಕಾಲ ಮಾತ್ರ ಓಡಿಸುವುದು, 200ರ ಹತ್ತಿರಕ್ಕೂ ಹೋಗುವುದಿಲ್ಲ. ಅಮ್ಮನೂ ಮಾತಾಡುತ್ತಾರೆ.

ಮಣಿಪಾಲದಿಂದ

ನಾನು ಓದಿದ್ದು ಬಯೋಕೆಮಿಸ್ಟ್ರಿ. ಹಾಗಾಗಿ ಮೂರನೇ ಪ್ರಶ್ನೆ ನನಗಿರಲಿ.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಬಹಳ ಸುಲಭ. ಬೀಡಿ ಕಟ್ಟುವ ಹಾಗೆ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ಕೊಡುತ್ತಾರೆ. ಮನೆಯಲ್ಲಿ ಕಟ್ಟಿ ಹೇಳಿದ ದಿನಕ್ಕೆ ತಂದು ಕೊಡಬೇಕು. ಅವರು ನೋಡಿ ತೆಗೆದುಕೊಳ್ಳುತ್ತಾರೆ. ಇಲ್ಲಿಯೂ ದೊಡ್ಡ ಲೆಕ್ಕವನ್ನು ಸಾವಿರಾರು ತುಂಡು ಮಾಡಿ ಒಂದೊಂದು ಮನೆಗೆ ಕಳಿಸುತ್ತಾರೆ. ತುಂಡಿಗೆ ಗಡುವು ಉಂಟು. ಗಡುವು ಮೀರಿದರೆ ಅದೇ ತುಂಡು ಇನ್ನೊಬ್ಬರ ಮನೆಗೆ ಹೋಗುತ್ತದೆ. ಕೆಲವು ಯೋಜನೆಗಳಲ್ಲಿ ಒಂದೇ ತುಂಡನ್ನು ಇಬ್ಬರಿಗೆ ಕೊಟ್ಟು ಉತ್ತರ ತಾಳೆ ನೋಡುವುದೂ ಉಂಟು. ಕ್ಯಾನ್ಸರಿನಂಥ ರೋಗಗಳ ಸಂಶೋಧನೆಗೆ ಬೀಡಿಯ ಹೋಲಿಕೆ ಕೊಟ್ಟದ್ದಕ್ಕೆ ಕ್ಷಮಿಸಿ, ನಮ್ಮ ಅಜ್ಜಿ ಬೀಡಿ ಕಟ್ಟಿಯೇ ನನ್ನ ಅಮ್ಮನನ್ನು ಓದಿಸಿದ್ದು.

ಲೆಕ್ಕ ಎಂಥದ್ದು? ಪ್ರೋಟೀನ್ ಅಂದರೆ ಒಂದು ಉದ್ದದ ಸರ. ಅದು ಸರಿಯಾಗಿ ಮಡಚಿಕೊಂಡರೆ ಮಾತ್ರ ತನ್ನ ಕೆಲಸ ಮಾಡುತ್ತದೆ. ಪಾರ್ಕಿನ್ಸನ್‌ನಲ್ಲಿ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ತಪ್ಪಾಗಿ ಮಡಚಿ ಮಿದುಳಿನ ಕೋಶಗಳಲ್ಲಿ ಗಂಟು ಕಟ್ಟುತ್ತದೆ. ಫೋಲ್ಡಿಂಗ್ ಅಟ್ ಹೋಮ್ ಇಂಥ ಪ್ರೋಟೀನುಗಳ ಅಲುಗಾಟವನ್ನು ಲೆಕ್ಕ ಹಾಕುತ್ತದೆ. 2000ದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು.

"ಆಲ್ಫಾಫೋಲ್ಡ್ ಬಂತಲ್ಲ, 2024ರಲ್ಲಿ ನೊಬೆಲ್ ಕೂಡ ಬಂತು, ಇನ್ನು ನಿಮ್ಮ ಲೆಕ್ಕ ಯಾಕೆ?" ಎಂದು ನನ್ನ ಗೆಳೆಯರೇ ತಮಾಷೆ ಮಾಡುತ್ತಾರೆ. ಆಲ್ಫಾಫೋಲ್ಡ್ ಅಂದರೆ ಪ್ರೋಟೀನಿನ ಆಕಾರವನ್ನು ಊಹಿಸುವ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂ. ಅದು ಕೊಡುವುದು ಫೋಟೋ. ಪ್ರೋಟೀನ್ ನಿಂತಲ್ಲಿ ನಿಲ್ಲುವುದಿಲ್ಲ, ಅಲುಗುತ್ತಲೇ ಇರುತ್ತದೆ. ಮದ್ದು ಹಿಡಿದುಕೊಳ್ಳುವಂಥ ಸಂದು ಕೆಲವೊಮ್ಮೆ ಕ್ಷಣಮಾತ್ರ ತೆರೆದು ಮುಚ್ಚುತ್ತದೆ. ಅದು ಫೋಟೋದಲ್ಲಿ ಕಾಣುವುದಿಲ್ಲ. ಅಂದ ಹಾಗೆ ಆ ನೊಬೆಲ್ ಪಡೆದವರಲ್ಲಿ ಡೇವಿಡ್ ಬೇಕರ್ ಒಬ್ಬರು. ರೊಸೆಟ್ಟಾ ಅಟ್ ಹೋಮ್ ಎಂಬ ಇಂಥದ್ದೇ ಯೋಜನೆ ಅವರ ಲ್ಯಾಬಿನದ್ದು.

ಫಲ? ಐಬಿಎಂ 2004ರಲ್ಲಿ ಶುರು ಮಾಡಿದ ಇಂಥದ್ದೇ ಯೋಜನೆಯಾದ ವರ್ಲ್ಡ್ ಕಮ್ಯುನಿಟಿ ಗ್ರಿಡ್‌ನಲ್ಲಿ ಜಪಾನಿನವರು ಮಕ್ಕಳ ನ್ಯೂರೋಬ್ಲಾಸ್ಟೋಮಾ ಕ್ಯಾನ್ಸರಿಗೆ ಸುಮಾರು 30 ಲಕ್ಷ ರಾಸಾಯನಿಕಗಳನ್ನು ಜಾಲಾಡಿದರು. 2014ರಲ್ಲಿ ಹೊರಬಂದದ್ದು 7 ಹೆಸರು. ಅವು ಪ್ರಯೋಗಾಲಯದಲ್ಲಿ ಭರವಸೆ ತೋರಿಸಿದವು, ಅಷ್ಟೇ. ಅಂಗಡಿಯಲ್ಲಿ ಸಿಗುವ ಮದ್ದಿಗೂ ಇದಕ್ಕೂ ಬಹಳ ದೂರ. ನಿಮ್ಮ ಅತ್ತೆಯವರಿಗೆ ಇದರಿಂದ ಗುಣ ಆಗುತ್ತದೆ ಎಂದುಕೊಂಡು ಮಾತ್ರ ಶುರು ಮಾಡಬೇಡಿ ಅಕ್ಕ. ನೇರವಾಗಿ ಹೇಳಿದೆ, ಬೇಜಾರು ಮಾಡಬೇಡಿ.

ಕುಂದಾಪುರದಿಂದ

ಬಿಲ್ ಬಿಡಿ, ಸಿಡಿಲು ನೋಡಿ ಮಾರಾಯ್ರೆ! ನನ್ನ ಹತ್ತಿರ ಯುಪಿಎಸ್ ಇತ್ತು, ಅರ್ತಿಂಗ್ ಸರಿ ಇತ್ತು, ಧೈರ್ಯವೂ ಇತ್ತು. ಅಕ್ಟೋಬರದ ಒಂದು ಸಂಜೆ, ಮಳೆಗಾಲ ಮುಗಿಯಿತು ಎಂದುಕೊಂಡು ಕಂಪ್ಯೂಟರ್ ಓಡಲು ಬಿಟ್ಟು ಮದುವೆ ಮನೆಗೆ ಹೋಗಿದ್ದೆ. ಸಿಡಿಲು ಕರೆಂಟಿನ ದಾರಿಯಲ್ಲಿ ಬರಲಿಲ್ಲ. ಇಂಟರ್‌ನೆಟ್ಟಿನ ತಾಮ್ರದ ತಂತಿಯಲ್ಲಿ ಬಂತು. ರೂಟರ್ ಹೋಯಿತು, ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಮದರ್‌ಬೋರ್ಡೂ ಹೋಯಿತು. ಯುಪಿಎಸ್ ಮಾತ್ರ ಏನೂ ಆಗದ ಹಾಗೆ ಬೀಪ್ ಬೀಪ್ ಎನ್ನುತ್ತಾ ಕೂತಿತ್ತು.

ಈಗ ಫೈಬರ್ ಆದ ಮೇಲೆ ಆ ದಾರಿ ಕಮ್ಮಿ. ಆದರೂ ರೂಟರಿಗೆ ಕರೆಂಟ್ ಬೇಕಲ್ಲ. ಆದ್ದರಿಂದ ನಾನು ವೈಫೈಯಲ್ಲೇ ಓಡಿಸುವುದು, ಈ ಕೆಲಸಕ್ಕೆ ಅದು ಧಾರಾಳ ಸಾಕು. ಮನೆಯಲ್ಲಿ ಯಾರೂ ಇಲ್ಲದಾಗ ಓಡಿಸುವುದಿಲ್ಲ. ಮೇ ತಿಂಗಳಲ್ಲೂ ಅಕ್ಟೋಬರಿನಲ್ಲೂ ಮಧ್ಯಾಹ್ನದ ಮೇಲೆ ಪ್ಲಗ್ ಕಿತ್ತಿಡುವುದೇ. ನಡುವೆ ನಿಲ್ಲಿಸಿದರೆ ಕೆಲಸ ಹಾಳಾಗುವುದಿಲ್ಲ. ಆಗಾಗ ಲೆಕ್ಕವನ್ನು ಉಳಿಸಿಕೊಳ್ಳುತ್ತಾ ಹೋಗುತ್ತದೆ, ಮತ್ತೆ ಹಾಕಿದಾಗ ಬಹುಮಟ್ಟಿಗೆ ಅಲ್ಲಿಂದಲೇ ಶುರು.

ಧೂಳು ತೆಗೆಸದೆ ಶುರು ಮಾಡಬೇಡಿ. ಎರಡು ವರ್ಷ ಕೂತ ಕಂಪ್ಯೂಟರ್ ಅಂದಿರಲ್ಲ, ಒಳಗೆ ಹಲ್ಲಿ ಸಂಸಾರ ಹೂಡಿರಬಹುದು. ನಮ್ಮಲ್ಲಿ ಹೂಡಿತ್ತು. ಉಪ್ಪು ಗಾಳಿಗೆ ತುಕ್ಕು ಹಿಡಿದಿದೆಯಾ ಎಂದೂ ನೋಡಿಸಿ. ಒಂದು ಲಾಭವೂ ಉಂಟು: ಜುಲೈಯಲ್ಲಿ ಗೋಡೆಯೇ ಬೆವರುವಾಗ ಓಡುವ ಕಂಪ್ಯೂಟರ್ ಬೆಚ್ಚಗಿರುತ್ತದೆ, ಬೂಸ್ಟು ಹತ್ತುವುದಿಲ್ಲ.

ಸುರತ್ಕಲ್‌ನಿಂದ

ಬೇಗ ಮುಗಿಸುತ್ತೇನೆ. ಲ್ಯಾಪ್‌ಟಾಪಿನಲ್ಲಿ ಓಡಿಸಲು ಹೋಗಬೇಡಿ, ನನ್ನದರ ಬ್ಯಾಟರಿ ಬಿಸಿಗೆ ಉಬ್ಬಿ ಕೀಬೋರ್ಡನ್ನೇ ಎತ್ತಿತು. ಸಾಫ್ಟ್‌ವೇರನ್ನು ಆಯಾ ಯೋಜನೆಯವರ ಸ್ವಂತ ಜಾಗದಿಂದ ಮಾತ್ರ ಇಳಿಸಿ. ದುಡ್ಡು ಕೇಳಿದರೆ ಮೋಸ. ದುಡ್ಡು ಕೊಡುತ್ತೇವೆ ಅಂದರೂ ಮೋಸವೇ ಎಂದು ಇಟ್ಟುಕೊಳ್ಳಿ. ಇಲ್ಲಿ ಸಿಗುವುದು ಪಾಯಿಂಟ್ ಮಾತ್ರ, ಅದಕ್ಕೆ ಒಂದು ನೀರುದೋಸೆಯೂ ಬರುವುದಿಲ್ಲ.

ಆಫೀಸು, ಕಾಲೇಜಿನ ಕಂಪ್ಯೂಟರಿಗೆ ಕೇಳದೆ ಹಾಕಬೇಡಿ. ಅಮೆರಿಕದ ಜಾರ್ಜಿಯಾದಲ್ಲಿ ಕಾಲೇಜಿನ ಕಂಪ್ಯೂಟರ್ ನೋಡಿಕೊಳ್ಳುವವರೊಬ್ಬರು ಇಂಥದ್ದೇ ಒಂದು ಪ್ರೋಗ್ರಾಂ ಹಾಕಿ ಪೊಲೀಸ್ ಕೇಸು ಎದುರಿಸಿದರು. 2002ರಲ್ಲಿ ದಂಡ ಕಟ್ಟಿ ಬಚಾವಾದರು.

ಬಿಜೈಯಿಂದ

ಎಲ್ಲರೂ ಹೌದು ಹೌದು ಅನ್ನುತ್ತಿದ್ದೀರಿ, ಹಾಗಾಗಿ ಕೇಳುತ್ತೇನೆ. ತಿಂಗಳಿಗೆ ಇನ್ನೂರು ಮುನ್ನೂರು ಕರೆಂಟಿಗೆ ಸುರಿಯುವ ಬದಲು ಅದೇ ದುಡ್ಡು ಯಾರಾದರೂ ಬಡ ರೋಗಿಯ ಮಾತ್ರೆಗೆ ಕೊಟ್ಟರೆ ಆಗುವುದಿಲ್ವಾ? ಪರಿಣಾಮ ಕಣ್ಣಿಗೆ ಕಾಣುತ್ತದೆ.

ಕದ್ರಿಯಿಂದ ಮತ್ತೆ

ಆಗುತ್ತದೆ ಸರ್, ನಿಮ್ಮ ಮಾತು ತಪ್ಪಲ್ಲ. ಇದಕ್ಕಾಗಿ ಹೊಸ ಕಂಪ್ಯೂಟರ್ ಕೊಳ್ಳುತ್ತೇನೆ ಎನ್ನುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಅಕ್ಕನ ಮನೆಯಲ್ಲಿ ಯಂತ್ರ ಮೊದಲೇ ಉಂಟು, ಅದೂ ಗ್ರಾಫಿಕ್ಸ್ ಕಾರ್ಡ್ ಇರುವಂಥದ್ದು. ಹಳೇ ನಿಧಾನದ ಯಂತ್ರವಾಗಿದ್ದರೆ ಬೇಡ ಅನ್ನುತ್ತಿದ್ದೆ, ಅದರಲ್ಲಿ ಗಡುವಿನೊಳಗೆ ಮುಗಿಯುವುದೇ ಕಷ್ಟ. ಕರೆಂಟ್ ಮಾತ್ರ ದಂಡ.

ಕೇಳಿದವರು, ಮೂರು ವಾರ ಬಿಟ್ಟು

ಎಲ್ಲರಿಗೂ ಉಪಕಾರ ಆಯಿತು. ಮೊದಲು ಧೂಳು ತೆಗೆಸಿದೆ. ಹಲ್ಲಿ ಇರಲಿಲ್ಲ, ಹಲ್ಲಿ ಮೊಟ್ಟೆ ಇತ್ತು. ಮೀಟರ್ ಎಣಿಸಲು ಯಜಮಾನರೇ ವಾಚ್ ಹಿಡಿದು ನಿಂತರು. 6 ನಿಮಿಷಕ್ಕೆ 70 ಸಲ. ಸುಮಾರು 220 ವ್ಯಾಟ್ ಆಯಿತು ಅಲ್ವಾ? ನಮ್ಮ ಮನೆ ಖರ್ಚು 120 ಯೂನಿಟ್ ಆಸುಪಾಸು. ದಿನಕ್ಕೆ 4 ಗಂಟೆ ಎಂದು ಅವರೇ ತೀರ್ಮಾನ ಮಾಡಿದರು.

ಬೆಳಿಗ್ಗೆ ದೇವರ ದೀಪ ಹಚ್ಚಿ ಮೇಲೆ ಹೋಗಿ ಹಾಕುತ್ತೇನೆ. ಯಾವ ರೋಗಕ್ಕೆ ಎಂದು ಕೇಳುವಲ್ಲಿ ಪಾರ್ಕಿನ್ಸನ್ ಆರಿಸಿದ್ದೇನೆ. ಹೊತ್ತು ಆಗುತ್ತಾ ಬಂದಾಗ ಫಿನಿಶ್ ಒತ್ತಿದರೆ ಕೈಯಲ್ಲಿದ್ದ ತುಂಡು ಮುಗಿಸಿ ತಾನೇ ನಿಲ್ಲುತ್ತದೆ. ಗುಡುಗಿನ ಸದ್ದು ಕೇಳಿದರೆ ಓಡಿಹೋಗಿ ಪ್ಲಗ್ ಕೀಳುವುದು. ಮೊನ್ನೆ ಅತ್ತೆ ಕೇಳಿದರು, "ಮೇಲೆ ಫ್ಯಾನ್ ಹಾಕಿ ಬಂದಿದ್ದೀಯಾ? ಗುಂಯ್ ಅಂತ ಶಬ್ದ ಕೇಳ್ತದೆ." ನಿಮ್ಮ ಕೈ ಯಾಕೆ ನಡುಗುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತಾ ಉಂಟು ಅಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಲೆಕ್ಕ ಆದ ಮೇಲೆ ಫ್ಯಾನ್ ಬಂದ್ ಮಾಡು" ಅಂದರು.

ಈ ತಿಂಗಳ ಬಿಲ್ ಇನ್ನೂ ಬಂದಿಲ್ಲ. ಯಜಮಾನರು ಗೇಟಿನ ಹತ್ತಿರವೇ ಪೇಪರ್ ಓದುತ್ತಾ ಕೂತಿದ್ದಾರೆ.