ಭಯವಿದ್ದಾಗ ನೋವು ಹೆಚ್ಚುವುದೇಕೆ?

ಪ್ರಶ್ನೆ (ಮಂಡ್ಯ):
ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವ ಅವಸರದಲ್ಲಿ ಬಿಸಿ ಪಾಕ ಮುಂಗೈಗೆ ಸಿಡಿದರೂ ಕೆಲಸ ಮುಗಿಯುವವರೆಗೆ ಗಮನಿಸದ ನಮ್ಮ ತಂದೆಯವರು, ರಕ್ತ ಪರೀಕ್ಷೆಯ ಸೂಜಿ ಹತ್ತಿರ ಬಂದೊಡನೆ ಕೈ ಎಳೆದುಕೊಳ್ಳುತ್ತಾರೆ. ಚುಚ್ಚಿದ ಮೇಲೆ ಬಹಳ ನೋವೆನ್ನುತ್ತಾರೆ. ಇದು ಮನಸ್ಸಿನ ದೌರ್ಬಲ್ಯವೇ, ಅಥವಾ ದೇಹದಲ್ಲಿಯೇ ಕಾರಣವಿದೆಯೇ?

ಉತ್ತರ 1 (ಮೈಸೂರು):
ದೌರ್ಬಲ್ಯವೆಂದು ದಯವಿಟ್ಟು ಭಾವಿಸಬೇಡಿ. ಸುಟ್ಟಾಗ ಕೈ ಹಿಂದೆ ಸರಿಯುವ ಪ್ರತಿವರ್ತನೆ ಬೆನ್ನುಹುರಿಯಲ್ಲಿಯೇ ನಡೆಯುತ್ತದೆಯಾದರೂ, ಮಿದುಳಿನಿಂದ ಕೆಳಗಿಳಿಯುವ ನರಮಾರ್ಗಗಳು ಅದನ್ನೂ ನೋವಿನ ಸಂದೇಶವನ್ನೂ ತಗ್ಗಿಸಬಲ್ಲವು, ಹೆಚ್ಚಿಸಲೂಬಲ್ಲವು. ನೋವಿನ ಸಂದೇಶವನ್ನು ಬಿಡುವ ಅಥವಾ ತಡೆಯುವ ದ್ವಾರದಂಥ ವ್ಯವಸ್ಥೆ ಬೆನ್ನುಹುರಿಯಲ್ಲಿದೆಯೆಂಬ ಸಿದ್ಧಾಂತವನ್ನು ವಿಜ್ಞಾನಿಗಳಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದರು. ವಿವರಗಳು ಮುಂದೆ ಬದಲಾದರೂ ತಿರುಳು ಉಳಿದಿದೆ.

ಉತ್ತರ 2 (ಮೈಸೂರು):
ಪ್ರಯೋಗಾಲಯದಲ್ಲಿ ಈ ಪ್ರತಿವರ್ತನೆಯ ಏರಿಳಿತವನ್ನು ಅಳೆಯುತ್ತಾರೆ. ಕಣಕಾಲಿನ ಬಳಿಯ ನರಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು, ತೊಡೆಯ ಹಿಂಭಾಗದ ಸ್ನಾಯು ಎಷ್ಟು ಸಂಕುಚಿಸಿತೆಂದು ದಾಖಲಿಸುತ್ತಾರೆ. ಹಿತವಾದ ಚಿತ್ರಗಳನ್ನು ನೋಡುತ್ತಿರುವಾಗ ನೋವೂ ಈ ಸಂಕೋಚನವೂ ಸಾಮಾನ್ಯವಾಗಿ ಕಡಿಮೆಯಾಗುತ್ತವೆ, ಅಹಿತಕರ ಚಿತ್ರಗಳಿಂದ ಹೆಚ್ಚುತ್ತವೆ. ಎದುರಿಗೇ ಬಂದೆರಗಿದ ಅಪಾಯದ ತೀವ್ರ ಭಯ ಮಾತ್ರ ನೋವನ್ನು ಅಡಗಿಸಬಲ್ಲದು. ಬರಲಿರುವ ನೋವಿನ ಆತಂಕ ಅದನ್ನು ಹೆಚ್ಚಿಸುತ್ತದೆ. ಸೂಜಿ ತಾಗುವ ಮೊದಲೇ ಕೈ ಎಳೆದುಕೊಳ್ಳುವುದು ಬೆನ್ನುಹುರಿಯ ಪ್ರತಿವರ್ತನೆಯಲ್ಲ, ಮಿದುಳಿನ ನಿರೀಕ್ಷೆಯ ಫಲ.

ಉತ್ತರ 3 (ಶ್ರೀರಂಗಪಟ್ಟಣ):
ಮುಂದಿನ ಸಲ ಆತಂಕವಿದೆಯೆಂದು ನರ್ಸ್ ಅವರಿಗೆ ಮೊದಲೇ ತಿಳಿಸಿ, ಕಬ್ಬಿನ ಇಳುವರಿಯ ಮಾತು ತೆಗೆಯಿರಿ. ಗಮನ ಬೇರೆಡೆ ಇದ್ದರೆ ನಿಜಕ್ಕೂ ನೋವು ಕಡಿಮೆಯಾಗುತ್ತದೆ. ಆದರೆ ಅವರಿಗೆ ಸಕ್ಕರೆ ಕಾಯಿಲೆಯಿದ್ದು, ಬಿಡುವಿನಲ್ಲಿದ್ದಾಗಲೂ ಸುಟ್ಟದ್ದು ತಿಳಿಯದಿದ್ದರೆ, ಅದನ್ನು ವೈದ್ಯರಿಗೆ ಅವಶ್ಯವಾಗಿ ಹೇಳಿ.