ಪದಚರ್ಚೆ: ಕೋರ್ಟಿನಲ್ಲಿ ಮಾತು ಬರೆದುಕೊಳ್ಳುವವರಿಗೆ, ತೆರೆಯ ಮೇಲೆ ಮಾತು ಬರೆಯುವವರಿಗೆ ಕನ್ನಡದಲ್ಲಿ ಏನನ್ನಬೇಕು?

ನಮಸ್ಕಾರ ಎಲ್ಲರಿಗೂ,

ಎರಡು ಕೆಲಸಗಳಿಗೆ ಕನ್ನಡದ ಹೆಸರು ಬೇಕಾಗಿದೆ. ಒಂದು ಕೋರ್ಟ್ ರಿಪೋರ್ಟರ್, ಅಂದರೆ ಕೋರ್ಟಿನಲ್ಲಿ ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳುವವರು. ಇನ್ನೊಂದು ಲೈವ್ ಕ್ಯಾಪ್ಷನರ್, ಅಂದರೆ ಆಡುತ್ತಿರುವ ಮಾತನ್ನು ಆಗಲೇ ತೆರೆಯ ಮೇಲೆ ಬರೆಯುವವರು. ನಾನು ಕಲಬುರಗಿಯಲ್ಲಿ ಕೆಳ ನ್ಯಾಯಾಲಯದ ಸ್ಟೆನೋ. ಶೀಘ್ರಲಿಪಿ (ಶಾರ್ಟ್‌ಹ್ಯಾಂಡ್) ಕಲಿಯುವ ಹುಡುಗ ಹುಡುಗಿಯರಿಗೆ ಮುಂದೆ ಏನೇನು ಕೆಲಸ ಸಿಗಬಹುದು ಎಂದು ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಅದರಲ್ಲಿ ಈ ಎರಡು ಕಡೆ ಕೈ ನಿಂತಿದೆ.

ಮೊದಲು ಹೊಳೆಯುವ ಪದ 'ನ್ಯಾಯಾಲಯ ವರದಿಗಾರ'. ಇದನ್ನು ಕೇಳಿದರೆ ನಿಮಗೆ ಯಾರು ನೆನಪಾಗುತ್ತಾರೆ? ಕೋರ್ಟಿನ ಸುದ್ದಿ ಬರೆಯುವ ಪತ್ರಕರ್ತರು, ಅಲ್ವಾ? ವಿಧಾನಸಭೆಯಲ್ಲಿ ಸದನದ ಮಾತು ಬರೆದುಕೊಳ್ಳುವವರಿಗೂ ವರದಿಗಾರರು ಎನ್ನುವುದುಂಟು. ಆದರೆ ಅದು ಸಚಿವಾಲಯದ ಒಳಗಿನ ಮಾತು. ಹೊರಗೆ ವರದಿಗಾರ ಅಂದರೆ ಪೇಪರಿನವರೇ.

ಎರಡನೆಯದು 'ಶೀಘ್ರಲಿಪಿಗಾರ'. ಇದು ನಮ್ಮ ಹುದ್ದೆಯ ಹೆಸರು. ನೇಮಕಾತಿ ಪ್ರಕಟಣೆಯಲ್ಲಿ ಬೆರಳಚ್ಚುಗಾರ, ಬೆರಳಚ್ಚು-ನಕಲುಗಾರ, ಆದೇಶ ಜಾರಿಕಾರ ಇವುಗಳ ಜೊತೆ ಬರುತ್ತದೆ. ಕಾಗದದ ಮೇಲೆ ಚೆಂದ, ಬಾಯಲ್ಲಿ ಯಾರೂ ಅನ್ನುವುದಿಲ್ಲ. ವಕೀಲರಿಗೂ ಕಕ್ಷಿದಾರರಿಗೂ ನಾವು 'ಸ್ಟೆನೋ ಸಾಹೇಬ್ರು', 'ಸ್ಟೆನೋ ಮೇಡಂ'. ಅದು ಇರಲಿ. ನನ್ನ ತೊಡಕು ಬೇರೆ. ಶೀಘ್ರಲಿಪಿ ಎನ್ನುವುದು ಬರೆಯುವ ವಿಧಾನದ ಹೆಸರು, ಕೇಳಿದರೆ ಪೆನ್ನಿನ ಬರಹವೇ ನೆನಪಾಗುತ್ತದೆ. ಅಮೆರಿಕದ ಕೋರ್ಟ್ ರಿಪೋರ್ಟರ್ ಹೆಚ್ಚಾಗಿ ಪೆನ್ನು ಹಿಡಿಯುವುದೇ ಇಲ್ಲ. ಅವರ ಸ್ಟೆನೋಟೈಪ್ ಯಂತ್ರದಲ್ಲಿ ಇಪ್ಪತ್ತೆರಡರಷ್ಟು ಮಾತ್ರ ಕೀಲಿಗಳು. ಹಾರ್ಮೋನಿಯಂ ಮೇಲೆ ಸ್ವರ ಕೂಡಿಸಿದಂತೆ ಹಲವು ಕೀಲಿಗಳನ್ನು ಒಟ್ಟಿಗೆ ಒತ್ತುತ್ತಾರೆ. ಒಂದು ಒತ್ತಿಗೆ ಒಂದು ಉಚ್ಚಾರ ಬಂತು. ಸಾಕ್ಷಿ ವಿಚಾರಣೆಯ ಮಾದರಿಯ ಪರೀಕ್ಷೆಯಲ್ಲಿ ನಿಮಿಷಕ್ಕೆ 225 ಪದ ಹಿಡಿಯಬೇಕು. (ನಮ್ಮ 'ಹೊಡೆದಿದ್ದಾನೆಂದು' ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ನಾಲ್ಕು ಬೇಕು. ಹಾಗಾಗಿ ನಿಮಿಷಕ್ಕೆ ಇಷ್ಟು ಪದ ಎಂಬ ಲೆಕ್ಕವನ್ನು ಎರಡು ಭಾಷೆಗೂ ಹೋಲಿಸಬೇಡಿ.)

ಮೂರನೆಯದು 'ಉಕ್ತಲೇಖಕ'. ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದನ್ನು ಬರೆದ ಉಕ್ತಲೇಖನ ಎಲ್ಲರಿಗೂ ಗೊತ್ತು. ಈ ಪದದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕಂದರೆ ನಮ್ಮ ಕೋರ್ಟಿನ ಮಟ್ಟಿಗೆ ಇದು ಸರಿಯಾದ ಪದ. ಕೋರ್ಟ್ ರಿಪೋರ್ಟರ್‌ಗೆ ಮಾತ್ರ ಹೊಂದುವುದಿಲ್ಲ.

ನಮ್ಮಲ್ಲಿ ಸಾಕ್ಷಿ ಹೇಳಿದ ಮಾತನ್ನು ನಾವು ನೇರವಾಗಿ ಬರೆಯುವುದಿಲ್ಲ. ಸಾಕ್ಷಿ ಹೇಳುತ್ತಾನೆ, ನ್ಯಾಯಾಧೀಶರು ಕೇಳಿಸಿಕೊಂಡು ತಮ್ಮ ವಾಕ್ಯದಲ್ಲಿ ಹೇಳುತ್ತಾರೆ, ನಾವು ಅದನ್ನು ಟೈಪ್ ಮಾಡುತ್ತೇವೆ. ಕಾನೂನು ಇರುವುದೂ ಹಾಗೇ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 276ನೇ ಕಲಮಿನ ಪ್ರಕಾರ ಸೆಷನ್ಸ್ ವಿಚಾರಣೆಯಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿ ಬರೆಯಬೇಕು. ಬೇಕೆನಿಸಿದ ಭಾಗವನ್ನು ಮಾತ್ರ ನ್ಯಾಯಾಧೀಶರು ಪ್ರಶ್ನೆ-ಉತ್ತರವಾಗಿ ಬರೆಸಬಹುದು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಈ ನಿಯಮ ಮಾತ್ರ ಅದರಲ್ಲೂ ಹಾಗೇ ಇದೆ. ಸಾಕ್ಷ್ಯ ಮುಗಿದ ಮೇಲೆ ಹಾಳೆಯ ಕೆಳಗೆ ಬರುವ ಸಾಲು ನೋಡಿ: 'ನನ್ನ ಉಕ್ತಲೇಖನದ ಮೇರೆಗೆ ತೆರೆದ ನ್ಯಾಯಾಲಯದಲ್ಲಿ ಬೆರಳಚ್ಚು ಮಾಡಲಾಯಿತು.' ಇಲ್ಲಿ 'ನನ್ನ' ಅಂದರೆ ನ್ಯಾಯಾಧೀಶರ. ಅದರ ಜೊತೆಗೆ 'ಓ.ಹೇ.ಕೇ. ಸರಿ ಇದೆ' ಎಂದೂ ಇರುತ್ತದೆ. ಓದಿ, ಹೇಳಿ, ಕೇಳಿ. ಹೊಸದಾಗಿ ಬಂದವರಿಗೆ ಇದು ಯಾರದೋ ಇನಿಶಿಯಲ್ ಅನಿಸುತ್ತದೆ.

ಪಾಟೀಸವಾಲಿನ, ಅಂದರೆ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವಾಗಿನ, ವಾಕ್ಯಗಳು ಇನ್ನೂ ಮಜಾ. ವಕೀಲರು ಸಾಕ್ಷಿಗೆ, "ನೀನು ಅವತ್ತು ಅಲ್ಲಿ ಇರಲೇ ಇಲ್ಲ, ಹೌದಲ್ಲ?" ಎನ್ನುತ್ತಾರೆ ಅಂತಿಟ್ಟುಕೊಳ್ಳಿ. ಸಾಕ್ಷಿ, "ಏ ಇಲ್ರೀ ಸಾಹೇಬ್ರ, ದೇವರಾಣಿ, ನಾ ಅಲ್ಲೇ ನಿಂತಿದ್ದೆ" ಎನ್ನುತ್ತಾನೆ. ದಾಖಲೆಗೆ ಬರುವುದು ಇಷ್ಟು: 'ಘಟನೆಯ ಸಮಯದಲ್ಲಿ ನಾನು ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ.' ಪ್ರಶ್ನೆ ಉತ್ತರ ಎರಡೂ ಒಂದೇ ವಾಕ್ಯದೊಳಗೆ ಸೇರಿವೆ. ಮೊದಲರ್ಧ ವಕೀಲರದು, 'ಸರಿಯಲ್ಲ' ಎಂಬ ಬಾಲ ಸಾಕ್ಷಿಯದು, ಭಾಷೆ ನ್ಯಾಯಾಧೀಶರದು. ಆದರೂ ವಾಕ್ಯದ ತುಂಬ 'ನಾನು' ಅಂತಲೇ ಇರುತ್ತದೆ. 'ಎಂದರೆ ಸರಿ', 'ಎಂದರೆ ಸರಿಯಲ್ಲ' ಎಂಬ ಈ ಎರಡು ಬಾಲಗಳ ಮೇಲೆ ಕರ್ನಾಟಕದ ಅರ್ಧ ಪಾಟೀಸವಾಲು ನಿಂತಿದೆ ಅಂದರೂ ನಡೆಯುತ್ತದೆ. ಕೋರ್ಟಿನ ಹೊರಗೆ ಈ ವಾಕ್ಯರಚನೆ ನನ್ನ ಕಿವಿಗೆ ಬಿದ್ದಿಲ್ಲ. ವ್ಯಾಕರಣ ಬಲ್ಲವರು ಇದರ ಬಗ್ಗೆ ಬೇರೆಯೇ ಚರ್ಚೆ ತೆಗೆದರೆ ಖುಷಿ.

ನಮ್ಮ ಭಾಗದಲ್ಲಿ ಇನ್ನೊಂದು ಪದರ ಇದೆ. ಸಾಕ್ಷಿ 'ಹೊತ್ತು ಮುಳುಗೂ ಮುಂದ' ಎಂದರೆ ಹಾಳೆಯಲ್ಲಿ 'ಸಾಯಂಕಾಲ ಸುಮಾರು 6-30 ಗಂಟೆಗೆ' ಎಂದು ಕೂರಬಹುದು. ಆಮೇಲೆ ಪಾಟೀಸವಾಲೆಲ್ಲ ಆ ಆರೂವರೆಯ ಮೇಲೇ! 'ನನ್ನ ಖಾಸ ತಮ್ಮ' ಅಂದರೆ ಒಡಹುಟ್ಟಿದ ತಮ್ಮ ಎಂದು ಬೆಂಗಳೂರು, ಮೈಸೂರು ಕಡೆಯಿಂದ ವರ್ಗವಾಗಿ ಬಂದವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಇದು ಕನ್ನಡದವರ ಮಾತಾಯಿತು. ಚಿಂಚೋಳಿ ಕಡೆಯ ತಾಂಡಾದವರು ಲಂಬಾಣಿಯಲ್ಲಿ, ಭಾಲ್ಕಿ-ಔರಾದ ಕಡೆಯವರು ಮರಾಠಿಯಲ್ಲಿ ಹೇಳಿದರೆ ಬರೆಯುವ ಹೊತ್ತಿಗೆ ಅನುವಾದವೂ ಆಗಿಬಿಟ್ಟಿರುತ್ತದೆ. ಆದ್ದರಿಂದ ಆಡಿದ ಮಾತನ್ನು ಆಡಿದಂತೆಯೇ ಬರೆಯುವವರು ಎಂಬ ಅರ್ಥದ ಪದವನ್ನು ನನ್ನಂಥವರಿಗೆ ಹಚ್ಚುವುದು ತಪ್ಪಾಗುತ್ತದೆ. ಅದು ಬೇರೆ ಕೆಲಸ, ಅದಕ್ಕೆ ಬೇರೆ ಹೆಸರೇ ಬೇಕು.

ಈಗ ಕ್ಯಾಪ್ಷನರ್. ಕಿವಿ ಕೇಳಿಸದವರಿಗಾಗಿ ಸಭೆಯಲ್ಲಿ, ತರಗತಿಯಲ್ಲಿ ಆಡುತ್ತಿರುವ ಮಾತನ್ನು ಆಗಿಂದಾಗಲೇ ತೆರೆಯ ಮೇಲೆ ಬರೆಯುವವರು. ಅಮೆರಿಕದಲ್ಲಿ ಈ ಕೆಲಸಕ್ಕೆ ಕೋರ್ಟ್ ರಿಪೋರ್ಟರ್ ಕಲಿತ ಅದೇ ಯಂತ್ರ, ಅದೇ ಬೆರಳು ಬೇಕು. ಎಷ್ಟೋ ಜನ ಎರಡೂ ಮಾಡುತ್ತಾರೆ.

ಇದಕ್ಕೆ 'ನೇರ ಶೀರ್ಷಿಕೆ' ಎಂದು ಬರೆದರೆ ನನಗೆ ಸೇರುವುದಿಲ್ಲ. ಶೀರ್ಷಿಕೆ ಅಂದರೆ ತಲೆಬರಹ. 'ಉಪಶೀರ್ಷಿಕೆ' ಅಂದರೆ ಪತ್ರಿಕೆಯವರಿಗೆ ಸುದ್ದಿಯ ನಡುವಿನ ಸಣ್ಣ ತಲೆಬರಹ. 'ಅಡಿಬರಹ' ಪರವಾಗಿಲ್ಲ, ಆದರೆ ಸಿನಿಮಾ ಪುಟದವರು ಅದನ್ನು ಚಿತ್ರದ ಹೆಸರಿನ ಕೆಳಗಿನ ಟ್ಯಾಗ್‌ಲೈನಿಗೆ ಎತ್ತಿಕೊಂಡಿದ್ದಾರೆ. ಮೇಲಾಗಿ ಈ ಬರಹ ಅಡಿಯಲ್ಲೇ ಇರಬೇಕೆಂದೇನಿಲ್ಲ, ಪಕ್ಕದ ಬೇರೆ ತೆರೆಯಲ್ಲೂ ಇರಬಹುದು. 'ಲಿಪ್ಯಂತರ' ಎನ್ನುವವರೂ ಇದ್ದಾರೆ. ಅದು ಒಂದು ಲಿಪಿಯಿಂದ ಇನ್ನೊಂದಕ್ಕೆ ದಾಟಿಸುವ ಕೆಲಸ, ಇಲ್ಲಿ ತರಬೇಡಿ.

ನನಗೆ ಹಿಡಿಸಿದ್ದು 'ಮಾತುಬರಹ'. ಬರೆಯುವವರು 'ಮಾತುಬರಹಗಾರರು'. ಕೋರ್ಟ್ ರಿಪೋರ್ಟರ್‌ಗೂ ಕ್ಯಾಪ್ಷನರ್‌ಗೂ ಇದೇ ಪದ ಸಾಕು. ಜಾಗ ಹೇಳಬೇಕಾದಾಗ 'ಕೋರ್ಟಿನ ಮಾತುಬರಹ', 'ತೆರೆಯ ಮಾತುಬರಹ' ಎನ್ನಬಹುದು. ನಮ್ಮ ಸ್ಟೆನೋ ಶೀಘ್ರಲಿಪಿಗಾರನಾಗಿಯೇ ಉಳಿಯಲಿ. ಬರಹಗಾರ ಅಂದರೆ ಕಥೆ ಕಾದಂಬರಿ ಬರೆಯುವವರಲ್ಲವೇ ಎಂದು ಯಾರಾದರೂ ಕೇಳಬಹುದು. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂರುವ ಪತ್ರ ಬರಹಗಾರರನ್ನು ಯಾರೂ ಕಾದಂಬರಿಕಾರ ಎಂದುಕೊಳ್ಳುವುದಿಲ್ಲ. ಇನ್ನೊಂದು ಅನುಕೂಲವೂ ಇದೆ. ಸುಪ್ರೀಂ ಕೋರ್ಟು 2023ರ ಫೆಬ್ರವರಿ 21ರಂದು ಸಂವಿಧಾನ ಪೀಠದ ವಿಚಾರಣೆಯ ಮಾತನ್ನು ಎಐ ತಂತ್ರಾಂಶದಿಂದ ಅಲ್ಲೇ ಬರೆಸಲು ಶುರು ಮಾಡಿತು. ಅಲ್ಲಿ 'ಗಾರ' ಇಲ್ಲ, ಆದರೂ ಆಗುವುದು ಮಾತುಬರಹವೇ.

ಕೊನೆಗೆ ಉರ್ದು. 1948ರವರೆಗೆ ನಾವು ನಿಜಾಮರ ಹೈದರಾಬಾದಿನಲ್ಲಿದ್ದೆವು, ಕೋರ್ಟು ಕಚೇರಿಯ ಭಾಷೆ ಉರ್ದುವೇ ಆಗಿತ್ತು. ವಕಾಲತ್ತು, ಜಾಮೀನು, ಫಿರ್ಯಾದಿ, ಪಂಚನಾಮೆ, ನಕಲು ಎಲ್ಲ ಈಗಲೂ ಬಳಕೆಯಲ್ಲಿವೆ. ಇವು ಮೈಸೂರು ಕಡೆಗೂ ಗೊತ್ತು. ಉರ್ದುವಿನಲ್ಲಿ ಸ್ಟೆನೋಗೆ 'ಜೂದ್ ನವೀಸ್' ಎಂಬ ಪದ ಇದೆ. ಜೂದ್ ಅಂದರೆ ಬೇಗ, ನವೀಸ್ ಅಂದರೆ ಬರೆಯುವವನು. ಫಡ್ನವೀಸ್, ಚಿಟ್ನವೀಸ್ ಎಂಬ ಮನೆತನದ ಹೆಸರುಗಳಲ್ಲಿರುವುದೂ ಇದೇ ನವೀಸ್. ಮುದ್ದಾದ ಪದ, ಆದರೆ ಇಂದಿನ ಮಕ್ಕಳಿಗೆ ಅರ್ಥವಾಗದು. ಹಾಗಾಗಿ ಹೊತ್ತಿಗೆಗೆ ಹಾಕುವುದಿಲ್ಲ.

ನನ್ನ ಪ್ರಶ್ನೆಗಳು ಇವು. ಮಾತುಬರಹ ಎಂಬ ಪದವನ್ನು ನಿಮ್ಮಲ್ಲಿ ಯಾರಾದರೂ ಬೇರೆ ಅರ್ಥದಲ್ಲಿ ಬಳಸಿದ್ದೀರಾ? ಆಡುಮಾತಿನಂತೆ ಬರೆಯುವ ಶೈಲಿಗೂ ಹಾಗೆನ್ನಬಹುದಲ್ಲ ಎಂಬ ಅಳುಕು ನನಗಿದೆ. ಇನ್ನು ಬೀದರ, ಯಾದಗಿರಿ ಕಡೆಯ ಹಿರಿಯ ವಕೀಲರ ಮನೆಯವರು ಯಾರಾದರೂ ಇದ್ದರೆ ಹೇಳಿ: ಅದಾಲತ್ತಿನ ಕಾಲದಲ್ಲಿ ಸಾಕ್ಷಿಯ ಬಯಾನು (ಹೇಳಿಕೆ) ಬರೆದುಕೊಳ್ಳುವವರನ್ನು ನಿಮ್ಮ ಊರಿನ ಜನ ಬಾಯಿಮಾತಿನಲ್ಲಿ ಏನಂತ ಕರೆಯುತ್ತಿದ್ದರು?